ಕಲ್ಪಿತ ಗ್ರಹವೊಂದನ್ನು ರಚಿಸುವ ಪಾಠ

ಗಣಕಯಂತ್ರದಲ್ಲಿ ಆಡುವ ಆಟವು ಕಾಲಹರಣಕ್ಕಲ್ಲದೆ ವಿದ್ಯಾಭ್ಯಾಸಕ್ಕೂ ಒದಗಬಲ್ಲದೋ ಎಂದು ಪಾಲಕರು ನಮ್ಮನ್ನು ಆಗಾಗ ಕೇಳುವದುಂಟು. ಈ ಪ್ರಶ್ನೆಗೆ ವಾದದಿಂದ ಉತ್ತರ ಕೊಡುವದಕ್ಕಿಂತ ಪಾಠದಿಂದಲೇ ಉತ್ತರ ಕೊಡುವದು ಲೇಸೆಂದು ತಿಳಿದು, ಹನುಮಸಾಗರದ ನಮ್ಮ ಹುಡುಗಿಯರ ಸಂಗಡ ನಾವು ನಡಿಸಿದ ಒಂದು ಅಭ್ಯಾಸವನ್ನು ಇಲ್ಲಿ ವಿವರಿಸುತ್ತೇವೆ. ಹಳೆಯ ವಿದ್ಯಾರ್ಥಿನಿಯರು ಇದನ್ನು ತಮ್ಮ ಮನೆಯ ಮಕ್ಕಳೊಡನೆ ಓದಿ, ಕೊನೆಯಲ್ಲಿ ಕೊಟ್ಟ ಲೆಕ್ಕಗಳನ್ನು ಮಾಡಿ ನೋಡಬೇಕೆಂದು ನಮ್ಮ ಬಯಕೆ.

ಮೆಕ್ಸಿಕೋ ದೇಶದ ಸ್ಕ್ವಾಡ್ ಎಂಬ ಸಂಸ್ಥೆಯವರು ೨೦೧೧ರಲ್ಲಿ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಆಟವನ್ನು ಹೊರತಂದರು. ಆಡುವವರು ಅದರಲ್ಲಿ ರಾಕೆಟ್ಟನ್ನು ಕಟ್ಟಿ, ಕಲ್ಪಿತ ಗ್ರಹಗಳ ನಡುವೆ ಸಂಚರಿಸುವರು. ಬಲ್ಲವರು ತಮ್ಮದೇ ಗ್ರಹಗಳನ್ನೂ ಅದಕ್ಕೆ ಕೂಡಿಸುವರು. ನಾವು ಹುಡುಗಿಯರಿಗೆ ಕೊಟ್ಟ ಕೆಲಸವಿಷ್ಟೇ: ಹಾದುಹೋಗುವ ನೌಕೆಗೆ, ಇಂಧನ ಸುಡದೆ, ಅತಿ ಹೆಚ್ಚು ಸಹಾಯ ಮಾಡುವಂಥ ಒಂದು ಗ್ರಹವನ್ನು ಕಾಗದದ ಮೇಲೆ ರಚಿಸಿರಿ. ಇಂಥ ಸಹಾಯಕ್ಕೆ ಗುರುತ್ವದ ನೆರವು ಎಂದು ಹೆಸರು.

ಪಾಠದ ಆರಂಭದಲ್ಲಿಯೇ ನಾವು ಎಡವಿದೆವೆಂದು ಒಪ್ಪಿಕೊಳ್ಳುವದು ನ್ಯಾಯ. ಮಂಗಳಯಾನವು ಭೂಮಿಯನ್ನು ಹಲವು ಸಲ ಸುತ್ತಿ, ಭೂಮಿಯಿಂದಲೇ ಈ ನೆರವನ್ನು ಪಡೆಯಿತೆಂದು ನಾವು ಹೇಳಿಬಿಟ್ಟೆವು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಅಕ್ಕಾವರೇ, ಬಂಡಿಯೊಳಗೆ ಕೂತವಳಿಗೆ ಆ ಬಂಡಿಯೇ ಹೇಗೆ ಡಿಕ್ಕಿ ಕೊಟ್ಟೀತು?" ಎಂದು ಕೇಳಿದಳು. ಉತ್ತರ ತೋಚದೆ ನಾವು ಮರುದಿನದ ವರೆಗೆ ಸಮಯ ಬೇಡಿದೆವು. ಅವಳು ಕೇಳಿದ್ದು ಸರಿಯಾಗಿತ್ತು. ೨೦೧೩ರ ನವೆಂಬರ್ ೫ರಂದು ಹೊರಟ ಮಂಗಳಯಾನವು ಭೂಮಿಯ ಸಮೀಪಕ್ಕೆ ಬಂದಾಗ ಹಲವು ಸಲ ತನ್ನ ಯಂತ್ರವನ್ನೇ ಉರಿಸಿ ಕಕ್ಷೆಯನ್ನು ದೊಡ್ಡದು ಮಾಡಿಕೊಂಡಿತು. ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳನನ್ನು ಸೇರಿತು. ಅದು ಸ್ವಂತ ಇಂಧನದ ದುಡಿಮೆಯೇ ಹೊರತು ಭೂಮಿಯು ಕೊಟ್ಟ ನೆರವಲ್ಲ. ನೆರವು ಬೇಕಾದರೆ ನೌಕೆಯು ಹೊರಗಿನಿಂದ ಬಂದು, ಚಲಿಸುತ್ತಿರುವ ಗೋಲವೊಂದರ ಮಗ್ಗುಲಲ್ಲಿ ಹಾದು, ತಿರುಗಿ ಹೊರಗೆ ಹೋಗಬೇಕು.

ಇದರ ಕಾರಣವನ್ನು ಹುಡುಗಿಯರು ಬಂಡಿಯ ಉದಾಹರಣೆಯಿಂದಲೇ ತಿಳಿದುಕೊಂಡರು. ಕುಷ್ಟಗಿಯ ಕಡೆಯಿಂದ ಒಂದು ಬಂಡಿಯು ಸೆಕೆಂಡಿಗೆ ೨ ಮಾರಿನಂತೆ ನಮ್ಮೆದುರಿಗೆ ಬರುತ್ತಿರಲಿ. ಅದರ ಮುಂಭಾಗದ ಹಲಗೆಗೆ ನಾವು ಸೆಕೆಂಡಿಗೆ ೩ ಮಾರಿನಂತೆ ಚೆಂಡನ್ನು ಎಸೆಯೋಣ. ಬಂಡಿಯಲ್ಲಿ ಕುಳಿತವರಿಗೆ ಚೆಂಡು ೫ ಮಾರಿನಂತೆ ಬಂದು, ಪುಟಿದು, ೫ ಮಾರಿನಂತೆಯೇ ಹಿಂದಿರುಗಿದ ಹಾಗೆ ಕಾಣುವದು. ಅವರ ಕಣ್ಣಿಗೆ ಯಾವ ಲಾಭವೂ ಇಲ್ಲ. ನೆಲದ ಮೇಲೆ ನಿಂತ ನಮಗಾದರೋ ಚೆಂಡು ೫ಕ್ಕೆ ಬಂಡಿಯ ೨ ಕೂಡಿ, ೭ ಮಾರಿನ ವೇಗದಿಂದ ಮರಳುವದು. ಬಂಡಿಯು ನಮ್ಮಿಂದ ದೂರ ಹೋಗುತ್ತಿದ್ದರೆ, ಅದರ ಹಿಂಬದಿಗೆ ಬಡಿದ ಚೆಂಡಿನ ವೇಗವು ೩ರಿಂದ ೧ಕ್ಕೆ ಇಳಿಯುವದು.

ಆಕಾಶದಲ್ಲಿ ಹಲಗೆಯಿಲ್ಲ, ಗ್ರಹದ ಆಕರ್ಷಣೆಯೇ ನೌಕೆಯ ದಾರಿಯನ್ನು ಬಾಗಿಸುವದು. ಗ್ರಹವು ಸಾಗುವ ದಿಕ್ಕನ್ನು ನೋಡಿ, ಅದರ ಬೆನ್ನ ಹಿಂದೆ ಹಾದರೆ ನೌಕೆಯು ವೇಗವನ್ನು ಗಳಿಸುವದು, ಮುಂದೆ ಹಾದರೆ ಕಳೆದುಕೊಳ್ಳುವದು. ಕಳೆದುಕೊಳ್ಳುವದೂ ಕೆಲವೊಮ್ಮೆ ಉಪಯೋಗವೇ. ಮ್ಯಾರಿನರ್ ೧೦ ಎಂಬ ಅಮೇರಿಕೆಯ ನೌಕೆಯು ೧೯೭೪ರಲ್ಲಿ ಶುಕ್ರನ ಬಳಿ ಹಾದು, ವೇಗವನ್ನು ತಗ್ಗಿಸಿಕೊಂಡೇ ಸೂರ್ಯನ ಸಮೀಪದ ಬುಧನ ಕಡೆಗೆ ಇಳಿಯಿತು. ವೇಗವನ್ನು ಗಳಿಸಿದ ವಾಯೇಜರ್ ೨ ನೌಕೆಯಾದರೋ ೧೯೭೭ರಲ್ಲಿ ಹೊರಟು, ಗುರು, ಶನಿ, ಯುರೇನಸ್ಸುಗಳ ನೆರವಿನಿಂದ ೧೯೮೯ರಲ್ಲಿ ನೆಪ್ಚೂನನ್ನು ಮುಟ್ಟಿತು. ಕೊಡುವ ಗ್ರಹಕ್ಕೆ ನಷ್ಟವಿಲ್ಲವೆನ್ನಬಾರದು. ನೌಕೆಯು ಗಳಿಸಿದಷ್ಟನ್ನು ಗ್ರಹವು ಕಳೆದುಕೊಳ್ಳುವದು. ಗ್ರಹದ ಭಾರದ ಮುಂದೆ ಅದು ಅಳತೆಗೆ ಸಿಕ್ಕದಷ್ಟು ಅಲ್ಪ.

ಇನ್ನು ಗ್ರಹದ ರಚನೆ. ಹುಡುಗಿಯರ ಮೊದಲ ಗ್ರಹದ ತ್ರಿಜ್ಯವು ೩೦೦೦ ಕಿಲೋಮೀಟರು. ಮೇಲ್ಮೈಯ ಗುರುತ್ವವು ಭೂಮಿಯಷ್ಟೇ. ಸಣ್ಣ ಗ್ರಹ, ಬಲವಾದ ಸೆಳೆತ. ನೌಕೆಯು ಕೇಂದ್ರದ ಸಮೀಪಕ್ಕೆ ಹೋಗಬಹುದೆಂಬದು ಅವರ ಜಾಣತನ. ಸಾಂದ್ರತೆಯ ಲೆಕ್ಕ ಮಾಡಿದಾಗ ಅದು ನೀರಿನ ೧೧ ಪಟ್ಟನ್ನು ದಾಟಿತು. ಇಡೀ ಗ್ರಹವನ್ನು ಸೀಸದಿಂದ ಎರಕ ಹೊಯ್ದರೂ ಸಾಲದು! ಆಟದೊಳಗಿನ ಕರ್ಬಿನ್ ಎಂಬ ಗ್ರಹದ್ದು ಇದಕ್ಕೂ ವಿಚಿತ್ರ. ಅದರ ತ್ರಿಜ್ಯ ೬೦೦ ಕಿಲೋಮೀಟರು ಮಾತ್ರ, ಗುರುತ್ವ ಭೂಮಿಯದೇ. ಹಾಗಾದರೆ ಸಾಂದ್ರತೆಯು ಭೂಮಿಯ ಹತ್ತು ಪಟ್ಟಿಗಿಂತ ಮಿಗಿಲು. ನಮ್ಮ ನೆಲದ ಯಾವ ಲೋಹವೂ ಅಷ್ಟು ಭಾರವಿಲ್ಲ. ಆಟವು ಬೇಗ ಸಾಗಲೆಂದು ಮಾಡಿಕೊಂಡ ಏರ್ಪಾಡು ಅದು. ಪಾಠಕ್ಕೆ ಅದು ಸಲ್ಲದೆಂದು ನಾವು ತೀರ್ಮಾನಿಸಿದೆವು. ಗುರುತ್ವವನ್ನು ಅರ್ಧಕ್ಕೆ, ಅಂದರೆ ಸೆಕೆಂಡಿನ ವರ್ಗಕ್ಕೆ ೫ ಮೀಟರಿಗೆ, ಇಳಿಸಿದೊಡನೆ ಸಾಂದ್ರತೆಯು ಭೂಮಿಯ ಸಾಂದ್ರತೆಗೆ ಸಮೀಪವಾಯಿತು. ಕಲ್ಪನೆಯ ಗ್ರಹವಾದರೂ ಅದು ನಿಯಮಕ್ಕೆ ತಲೆಬಾಗಲೇಬೇಕು.

ಈ ಗ್ರಹವು ಎಷ್ಟು ಕೊಡಬಲ್ಲದು? ಗುರುತ್ವವನ್ನು ತ್ರಿಜ್ಯದಿಂದ ಗುಣಿಸಿ ವರ್ಗಮೂಲ ತೆಗೆದರೆ, ಮೇಲ್ಮೈಯನ್ನು ಸವರಿಕೊಂಡು ಸುತ್ತುವ ಉಪಗ್ರಹದ ವೇಗವು ದೊರೆಯುವದು. ಒಂದು ಭೇಟಿಯಲ್ಲಿ ನೌಕೆಯ ವೇಗದಲ್ಲಿ ಆಗಬಹುದಾದ ಬದಲಾವಣೆಯ ಮಿತಿಯೂ ಅದೇ. ಭೂಮಿಗೆ ಅದು ಸೆಕೆಂಡಿಗೆ ೭.೯ ಕಿಲೋಮೀಟರು, ಚಂದ್ರನಿಗೆ ೧.೭, ಗುರುವಿಗೆ ಸುಮಾರು ೪೨. ನಮ್ಮ ಗ್ರಹಕ್ಕೆ ೩.೯. ನೆಲಕ್ಕೆ ತಾಗದಂತೆ ೧೦೦ ಕಿಲೋಮೀಟರು ಎತ್ತರದಲ್ಲಿ ಹಾದರೆ ೩.೮, ದಟ್ಟವಾದ ಗಾಳಿಯ ಹೊದಿಕೆಯಿದ್ದು ೫೦೦ ಕಿಲೋಮೀಟರು ಎತ್ತರದಲ್ಲಿ ಹಾದರೆ ೩.೬. ಆದಕಾರಣ ಹುಡುಗಿಯರು ತಮ್ಮ ಗ್ರಹಕ್ಕೆ ಗಾಳಿಯನ್ನು ಕೊಡಲಿಲ್ಲ.

ಆದರೆ ಈ ಪೂರ್ಣ ಲಾಭವು ಎಲ್ಲ ನೌಕೆಗಳಿಗೂ ದೊರೆಯದು. ದೂರದಿಂದ ಬರುವಾಗ ಗ್ರಹದ ಕಣ್ಣಿಗೆ ನೌಕೆಯ ವೇಗವೂ ೩.೮ ಆಗಿದ್ದರೆ ಮಾತ್ರ ದಾರಿಯು ೬೦ ಅಂಶ ಬಾಗಿ, ೩.೮ರ ಬದಲಾವಣೆಯಾಗುವದು. ಸೆಕೆಂಡಿಗೆ ೧ ಕಿಲೋಮೀಟರಿನಂತೆ ಮೆಲ್ಲನೆ ಬಂದ ನೌಕೆಯು ಬಹಳ ಬಾಗಿದರೂ ೧.೯ನ್ನು ಮಾತ್ರ ಪಡೆಯುವದು. ೧೨ರಂತೆ ಧಾವಿಸಿ ಬಂದದ್ದು ಹೆಚ್ಚು ಬಾಗುವದಕ್ಕೆ ಸಮಯವಿಲ್ಲದೆ ೨.೨ಕ್ಕೇ ತೃಪ್ತಿಪಡಬೇಕು. ಗ್ರಹವನ್ನು ರಚಿಸುವವರು ಅದರ ಭಾರವನ್ನಷ್ಟೇ ಅಲ್ಲ, ಅತಿಥಿಯು ಯಾವ ವೇಗದಿಂದ ಬರುವಂತೆ ಅದನ್ನು ಎಲ್ಲಿ ಇರಿಸಬೇಕೆಂಬದನ್ನೂ ಯೋಚಿಸತಕ್ಕದ್ದು. ಅತಿ ದೂರದಲ್ಲಿಟ್ಟರೆ ಅದು ಸೂರ್ಯನನ್ನು ಸುತ್ತಲು ಬಹುಕಾಲ ಹಿಡಿದು, ಬೇಕಾದ ದಿಕ್ಕಿಗೆ ದಾರಿ ತೋರುವ ಸಮಯವು ಅಪರೂಪವಾಗುವದು. ವಾಯೇಜರಿಗೆ ಒದಗಿದಂಥ ಹೊರಗ್ರಹಗಳ ಸಾಲು ಸುಮಾರು ೧೭೫ ವರ್ಷಕ್ಕೊಮ್ಮೆ ಬರತಕ್ಕದ್ದು.

ಇದೆಲ್ಲ ಆಟದ ಮಾತೆಂದು ಯಾರೂ ತಿಳಿಯಬಾರದು. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ ೩ರ ಲ್ಯಾಂಡರು ಚಂದ್ರನ ಮೇಲೆ ಇಳಿಯಿತು. ಅದನ್ನು ಚಂದ್ರನ ಕಕ್ಷೆಗೆ ಹೊತ್ತೊಯ್ದ ನೋದನ ಘಟಕದಲ್ಲಿ ಇನ್ನೂ ೧೦೦ ಕಿಲೋಗ್ರಾಮಿಗಿಂತ ಹೆಚ್ಚು ಇಂಧನ ಉಳಿದಿತ್ತು. ಬೆಂಗಳೂರಿನಲ್ಲಿ ಕೇಂದ್ರಸ್ಥಾನವುಳ್ಳ ಇಸ್ರೋ ಸಂಸ್ಥೆಯವರು ಅದನ್ನು ಅಕ್ಟೋಬರ್ ತಿಂಗಳಿನಲ್ಲಿ ಭೂಮಿಯ ಕಡೆಗೆ ತಿರುಗಿಸಿದರು. ಅದು ನಾಲ್ಕು ಸಲ ಚಂದ್ರನ ಬಳಿ ಹಾದು, ನವೆಂಬರ್ ೧೦ರಂದು ಅವನ ಪ್ರಭಾವದ ಮೇರೆಯನ್ನು ದಾಟಿತು. ಗುರುತ್ವದ ನೆರವಿನ ಪ್ರಯಾಣಗಳನ್ನು ಯೋಜಿಸುವ ಗಣಕ ಕ್ರಮವೊಂದನ್ನು ಈ ಕೆಲಸದ ಮೂಲಕ ಅವರು ಸಿದ್ಧಪಡಿಸಿಕೊಂಡರು. ೨೦೨೫ರ ನವೆಂಬರದಲ್ಲಿ ಅದೇ ಘಟಕವು ಮತ್ತೆರಡು ಸಲ ಚಂದ್ರನ ಹತ್ತಿರ ಹಾದುಹೋಯಿತು. ಸುಮಾರು ೧ ಲಕ್ಷದಿಂದ ೩ ಲಕ್ಷ ಕಿಲೋಮೀಟರು ದೂರಗಳ ನಡುವೆ ಇದ್ದ ಅದರ ಕಕ್ಷೆಯು ೪.೦೯ ಲಕ್ಷದಿಂದ ೭.೨೭ ಲಕ್ಷ ಕಿಲೋಮೀಟರಿಗೆ ಹಿಗ್ಗಿತು. ನಮ್ಮ ಲೆಕ್ಕದಲ್ಲಿ ೧.೭ನ್ನು ಮಾತ್ರ ಕೊಡಬಲ್ಲ ಬಡ ಚಂದ್ರನ ಕೆಲಸವದು.

ಹಿಂದಿನ ಸಾಲಿನ ಆ ಹುಡುಗಿಯನ್ನು ನಾವು ಮರುದಿನ ಕರಿಹಲಗೆಯ ಬಳಿಗೆ ಕರೆದು, ಅವಳ ಮಾತೇ ನಿಜವೆಂದು ಎಲ್ಲರೆದುರಿಗೆ ಹೇಳಿದೆವು. ಅಂದಿನಿಂದ ತರಗತಿಯಲ್ಲಿ ಪ್ರಶ್ನೆಗಳು ಹೆಚ್ಚಾದವು. ಪಾಲಕರ ಪ್ರಶ್ನೆಗೆ ನಮ್ಮ ಉತ್ತರ ಇದೇ: ಆಟವು ಲೆಕ್ಕಕ್ಕೂ ಪ್ರಶ್ನೆಗೂ ದಾರಿ ಮಾಡಿದರೆ ಅದು ವಿದ್ಯೆಯೇ, ಮಾಡದಿದ್ದರೆ ಕಾಲಹರಣವೇ.

ಅಭ್ಯಾಸ

೧. ಬಂಡಿಯು ೩ ಮಾರಿನಂತೆ ಎದುರಿಗೆ ಬರುತ್ತಿದೆ. ಚೆಂಡನ್ನು ೪ ಮಾರಿನಂತೆ ಎಸೆದರೆ ಅದು ಎಷ್ಟು ವೇಗದಿಂದ ಮರಳುವದು?

೨. ತ್ರಿಜ್ಯ ೨೦೦೦ ಕಿಲೋಮೀಟರು, ಗುರುತ್ವ ೪ ಮೀಟರು ಇರುವ ಗ್ರಹದ ನೆರವಿನ ಮಿತಿಯೆಷ್ಟು?

೩. ಸೂರ್ಯನು ಎಲ್ಲ ಗ್ರಹಗಳಿಗಿಂತಲೂ ಭಾರವಾದವನು. ಆದರೂ ಗ್ರಹದಿಂದ ಗ್ರಹಕ್ಕೆ ಹೋಗುವ ನೌಕೆಗೆ ಅವನು ಈ ನೆರವನ್ನು ಕೊಡಲಾರನು. ಯಾಕೆ?

ಉತ್ತರಗಳು: (೧) ೧೦ ಮಾರು. (೨) ಸೆಕೆಂಡಿಗೆ ಸುಮಾರು ೨.೮ ಕಿಲೋಮೀಟರು. (೩) ನಿಂತ ಬಂಡಿಗೆ ಚೆಂಡನ್ನು ಎಸೆದು ನೋಡಿರಿ.