ಆಗಸ್ಟ್ 15ರಂದು ಮಳೆ ಬರುತ್ತದೆಯೇ?

ಜುಲೈ ಮುಗಿಯುತ್ತಿದ್ದಂತೆ ಶಾಲೆಗಳಲ್ಲಿ ಪಥಸಂಚಲನದ ತಾಲೀಮು ಶುರುವಾಗುತ್ತದೆ. ಜೊತೆಗೇ ಒಂದು ಪ್ರಶ್ನೆಯೂ ಏಳುತ್ತದೆ: ಸ್ವಾತಂತ್ರ್ಯ ದಿನಾಚರಣೆಯಂದು ಮಳೆ ಬಂದರೆ ಏನು ಗತಿ? ದೈಹಿಕ ಶಿಕ್ಷಣದ ಮೇಷ್ಟ್ರಿಗೆ ಒಣ ಮೈದಾನ ಬೇಕು, ಶಾಮಿಯಾನದವನಿಗೆ ಮುಂಗಡ ಬೇಕು, ಊರಾಚೆಯ ರೈತನಿಗೆ ಮಳೆಯೇ ಬೇಕು. ಕೇಳುವ ಪ್ರಶ್ನೆ ಒಂದೇ ಆದರೂ ಅದಕ್ಕೆ ಎಂಥ ಉತ್ತರ ಸಿಗಬಹುದು ಎಂಬುದು ನೀವು ಯಾವಾಗ ಕೇಳುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಹವಾಮಾನ ಮುನ್ಸೂಚನೆಯ ಮೊದಲ ಪಾಠ ಇದೇ. ಒಂದು ವರ್ಷ ದೂರದಿಂದ ಹೊರಟು ಹಂತ ಹಂತವಾಗಿ ಧ್ವಜಾರೋಹಣದ ಹೊತ್ತಿನವರೆಗೂ ನಡೆದು ನೋಡೋಣ.

ಒಂದು ವರ್ಷ ಮೊದಲೇ ಕೇಳಿದಿರಿ ಎನ್ನಿ. ಆಗ ನಮ್ಮ ಕೈಯಲ್ಲಿರುವುದು ಹಳೆಯ ಅನುಭವ ಮಾತ್ರ. ನಮ್ಮ ರೈತರು ಅದನ್ನು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲೂ ಹದಿಮೂರು–ಹದಿನಾಲ್ಕು ದಿನ ಇರುತ್ತಾನೆ. ಸುಮಾರು ಆಗಸ್ಟ್ 3ರಿಂದ 16ರವರೆಗೆ ಆಶ್ಲೇಷ, ಆಮೇಲೆ ಮಘೆ. ಹಾಗಾಗಿ ಸ್ವಾತಂತ್ರ್ಯ ದಿನ ಪ್ರತಿವರ್ಷವೂ ಆಶ್ಲೇಷದ ಕೊನೆಗೇ ಬೀಳುತ್ತದೆ. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎಂಬ ಗಾದೆ ಆ ಹದಿನಾಲ್ಕು ದಿನಗಳ ಸ್ವಭಾವವನ್ನು ಹೇಳುತ್ತದೆಯೇ ಹೊರತು ಈ ವರ್ಷದ ಒಂದು ಬೆಳಗನ್ನಲ್ಲ. ಹವಾಮಾನ ಇಲಾಖೆಯ ಮೂವತ್ತು ವರ್ಷಗಳ ಸರಾಸರಿಯೂ ಅದೇ ಜಾತಿಯದು. ಬೆಂಗಳೂರಿನಲ್ಲಿ ಆಗಸ್ಟ್ ತಿಂಗಳ ಸರಿಸುಮಾರು ಹತ್ತು ದಿನಗಳು ‘ಮಳೆ ದಿನ’ಗಳು, ಅಂದರೆ ಕನಿಷ್ಠ 2.5 ಮಿಲಿಮೀಟರ್ ಮಳೆ ಬಿದ್ದ ದಿನಗಳು. ಹಾಗಾದರೆ ಯಾವುದೇ ಒಂದು ದಿನ ಮಳೆಯಾಗುವ ಸಂಭವ ಮೂರರಲ್ಲಿ ಒಂದು. ಮಂಗಳೂರಿನಲ್ಲಿ ಈ ಲೆಕ್ಕ ತಿರುಗುಮುರುಗು; ಅಲ್ಲಿ ಒಣ ದಿನಗಳನ್ನೇ ಹುಡುಕಬೇಕು. ಈ ‘ಮೂರರಲ್ಲಿ ಒಂದು’ ಎಂಬುದನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಸರಾಸರಿಯನ್ನೇ ನಂಬಿ ಏಕೆ ಕೂರಬಾರದು? ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2018ರ ಆಗಸ್ಟ್ 15ರ ಆಸುಪಾಸಿನಲ್ಲಿ ಕೇರಳ ಮುಳುಗಿತು, ಕೊಚ್ಚಿ ವಿಮಾನ ನಿಲ್ದಾಣ ಮುಚ್ಚಿತು, ಮರುದಿನಗಳಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. 2023ರ ಆಗಸ್ಟ್ ಇದಕ್ಕೆ ತದ್ವಿರುದ್ಧ. ದೇಶದಲ್ಲಿ ಮಳೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆ. 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ.

ವ್ಯತ್ಯಾಸಕ್ಕೆ ಕಾರಣ ಆಕಾಶದಲ್ಲೇ ಇತ್ತು. ಮುಂಗಾರಿನಲ್ಲಿ ರಾಜಸ್ಥಾನದಿಂದ ಬಂಗಾಳ ಕೊಲ್ಲಿಯವರೆಗೆ ಕಡಿಮೆ ಒತ್ತಡದ ಒಂದು ಉದ್ದನೆಯ ಪಟ್ಟಿ ಚಾಚಿಕೊಂಡಿರುತ್ತದೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದಾಗ ಅರಬ್ಬಿ ಸಮುದ್ರದ ಪಶ್ಚಿಮ ಮಾರುತ ಬಿರುಸಾಗಿ ಬಂದು ಪಶ್ಚಿಮ ಘಟ್ಟಕ್ಕೆ ಅಪ್ಪಳಿಸುತ್ತದೆ. 2018ರಲ್ಲಿ ಒಡಿಶಾ ಕರಾವಳಿಯ ಬಳಿ ಆದದ್ದು ಇಂಥದೇ ಕುಸಿತ. ಅದೇ ಪಟ್ಟಿ ಉತ್ತರಕ್ಕೆ ಸರಿದು ಹಿಮಾಲಯದ ತಪ್ಪಲಿಗೆ ಅಂಟಿಕೊಂಡರೆ ಬಯಲು ನಾಡಿನಲ್ಲಿ ಮುಂಗಾರು ಬಿಡುವು ಪಡೆಯುತ್ತದೆ, ಮಳೆಯೆಲ್ಲ ಬೆಟ್ಟದ ಪಾಲಾಗುತ್ತದೆ. 2023ರಲ್ಲಿ ನಮ್ಮ ಹೊಲಗಳು ಬಿರುಕು ಬಿಡುತ್ತಿದ್ದಾಗ, ಆಗಸ್ಟ್ 14ರಂದು ಶಿಮ್ಲಾದಲ್ಲಿ ಭೂಕುಸಿತವಾದದ್ದು ಕಾಕತಾಳೀಯವಲ್ಲ. ಅಂದರೆ ನಮ್ಮೂರ ಆಗಸ್ಟ್ 15ರ ಮಳೆಯನ್ನು ತಿಳಿಯಲು ನಮ್ಮೂರ ಮೋಡವನ್ನಷ್ಟೇ ನೋಡಿದರೆ ಸಾಲದು. ಆ ಪಟ್ಟಿ ಎಲ್ಲಿದೆ, ಕೊಲ್ಲಿಯಲ್ಲಿ ಏನಾಗುತ್ತಿದೆ ಎಂದು ನೋಡಬೇಕು.

ಈಗ ಜುಲೈ ಕೊನೆಗೆ ಬನ್ನಿ. ಆ ಹೊತ್ತಿಗೆ ಭಾರತೀಯ ಹವಾಮಾನ ಇಲಾಖೆ ಆಗಸ್ಟ್ ತಿಂಗಳ ಮುನ್ನೋಟ ಪ್ರಕಟಿಸುತ್ತದೆ. 1875ರಲ್ಲಿ ಸ್ಥಾಪನೆಯಾದ ಈ ಇಲಾಖೆ 1886ರಿಂದಲೇ ಮುಂಗಾರಿನ ದೀರ್ಘಾವಧಿ ಮುನ್ಸೂಚನೆ ಕೊಡುತ್ತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ವಾಡಿಕೆ ಮಳೆ 87 ಸೆಂಟಿಮೀಟರ್. ಅದರಲ್ಲಿ ಆಗಸ್ಟ್ ಪಾಲು ಸುಮಾರು 25 ಸೆಂಟಿಮೀಟರ್. ಪೆಸಿಫಿಕ್ ಸಾಗರದ ಎಲ್ ನಿನೊ ಮುಂತಾದ ನಿಧಾನ ಬದಲಾವಣೆಗಳನ್ನು ನೋಡಿ, ಈ ಪಾಲು ಹೆಚ್ಚೋ ಕಡಿಮೆಯೋ ಎಂದು ಇಲಾಖೆ ಹೇಳಬಲ್ಲದು. 15ನೇ ತಾರೀಖಿನ ಮಾತು ಅದರಲ್ಲಿ ಇರುವುದಿಲ್ಲ. ಕೊರತೆಯ ತಿಂಗಳಲ್ಲೂ ಆ ಒಂದು ದಿನ ಜಡಿಮಳೆ ಹಿಡಿಯಬಹುದು.

ಹಾಗಾದರೆ ತಾರೀಖು ಹಿಡಿದು ಹೇಳಲು ಏನು ಅಡ್ಡಿ? ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1961ರಲ್ಲಿ ಅದನ್ನು ಕಂಡರು. ಕಂಪ್ಯೂಟರಿನ ಹಳೆಯ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಓಡಿಸುವಾಗ ಅವರು 0.506127 ಎಂಬ ಸಂಖ್ಯೆಯ ಬದಲು 0.506 ಎಂದಷ್ಟೇ ಕೊಟ್ಟರು. ಸ್ವಲ್ಪ ಹೊತ್ತು ಎರಡೂ ಲೆಕ್ಕಗಳು ಜೊತೆಯಾಗಿ ಸಾಗಿದವು, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. ವಾತಾವರಣದ ಸ್ವಭಾವವೂ ಹೀಗೇ: ಇಂದಿನ ಅಳತೆಯ ಕಿರಿದಾದ ತಪ್ಪು ದಿನದಿಂದ ದಿನಕ್ಕೆ ಹಿಗ್ಗುತ್ತದೆ. ಸುಮಾರು ಎರಡು ವಾರ ದಾಟಿದರೆ ‘ಇಂಥ ದಿನ ಇಂಥ ಊರಲ್ಲಿ ಮಳೆ’ ಎನ್ನಲು ಆಧಾರವೇ ಉಳಿಯುವುದಿಲ್ಲ. ಅದಕ್ಕೇ ಇಲಾಖೆ ಪ್ರತಿ ಗುರುವಾರ ಕೊಡುವ ನಾಲ್ಕು ವಾರಗಳ ಮುನ್ನೋಟದಲ್ಲಿ ದಿನಗಳ ಮಾತಿಲ್ಲ, ವಾರಗಳ ಮಾತಿದೆ. ಯಾವುದೋ ಆ್ಯಪ್ ಜುಲೈನಲ್ಲೇ ಆಗಸ್ಟ್ 15ರ ಬೆಳಿಗ್ಗೆ ಒಂಬತ್ತು ಗಂಟೆಯ ಚಿತ್ರ ತೋರಿಸಿದರೆ ನಕ್ಕು ಮುಂದೆ ಹೋಗಿ.

ಆಗಸ್ಟ್ 8ರ ಸುಮಾರಿಗೆ ಆಟ ನಿಜವಾಗಿ ಶುರುವಾಗುತ್ತದೆ. ಉಪಗ್ರಹ, ಬಲೂನು, ಹಡಗು, ಭೂ ಕೇಂದ್ರಗಳ ಅಳತೆಗಳನ್ನು ಸೂಪರ್ ಕಂಪ್ಯೂಟರಿಗೆ ಉಣಿಸಿ, ಗಾಳಿಯ ಚಲನೆಯ ಸಮೀಕರಣಗಳನ್ನು ಬಿಡಿಸುತ್ತಾರೆ. ಒಮ್ಮೆಯಲ್ಲ, ಹಲವು ಬಾರಿ; ಪ್ರತಿಸಲವೂ ಆರಂಭದ ಅಳತೆಯನ್ನು ಕೂದಲೆಳೆಯಷ್ಟು ಬದಲಿಸಿ. ಕಾಲುವೆಯ ಒಂದೇ ಜಾಗದಿಂದ ಇಪ್ಪತ್ತು ಕಾಗದದ ದೋಣಿಗಳನ್ನು ಬಿಟ್ಟಂತೆ ಇದು: ಎಲ್ಲವೂ ಒಂದೇ ದಡಕ್ಕೆ ಸೇರಿದರೆ ನಂಬಿಕೆ ಹೆಚ್ಚು, ಚೆಲ್ಲಾಪಿಲ್ಲಿಯಾದರೆ ಕಡಿಮೆ. ಇಪ್ಪತ್ತು ಲೆಕ್ಕಗಳಲ್ಲಿ ಹನ್ನೆರಡು ಮಳೆ ತೋರಿಸಿದರೆ ಸಂಭವ ಶೇ 60 ಎಂದು ಸ್ಥೂಲವಾಗಿ ಹೇಳಬಹುದು. ಇದರರ್ಥ ಅರವತ್ತು ನಿಮಿಷ ಮಳೆ ಎಂದಲ್ಲ, ಊರಿನ ಶೇ 60 ಭಾಗ ನೆನೆಯುತ್ತದೆ ಎಂದೂ ಅಲ್ಲ. ಇಂಥ ಪರಿಸ್ಥಿತಿ ಹತ್ತು ಸಲ ಬಂದರೆ ಆರು ಸಲ ಮಳೆಯಾಗುತ್ತದೆ, ನಾಲ್ಕು ಸಲ ಆಗುವುದಿಲ್ಲ ಎಂದು.

ಆಗಸ್ಟ್ 13, 14ಕ್ಕೆ ಬಂದಾಗ ಇಲಾಖೆಯ ಪ್ರಕಟಣೆಯನ್ನು ಓದಲು ಕಲಿಯಬೇಕು. ಅದು ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರಾಗಿ ನೋಡುತ್ತದೆ. ‘ಒಂದೆರಡು ಕಡೆ’ ಎಂದರೆ ಆ ವಿಭಾಗದ ಶೇ 25ರವರೆಗಿನ ಕೇಂದ್ರಗಳಲ್ಲಿ ಮಳೆ. ‘ಬಹುತೇಕ ಕಡೆ’ ಎಂದರೆ ಶೇ 75ಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ. ‘ಭಾರಿ ಮಳೆ’ ಬರೀ ವರ್ಣನೆಯಲ್ಲ, ಅದಕ್ಕೆ ಅಳತೆ ಇದೆ: 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಬೇಕು, 115.6 ದಾಟಿದರೆ ‘ಅತಿ ಭಾರಿ’. ಇನ್ನು ಬಣ್ಣಗಳು: ಹಳದಿಯೆಂದರೆ ಗಮನವಿಡಿ, ಕಿತ್ತಳೆಯೆಂದರೆ ಸಿದ್ಧರಾಗಿ, ಕೆಂಪೆಂದರೆ ಕ್ರಮಕ್ಕೆ ಇಳಿಯಿರಿ. ಕೊಡಗಿನಲ್ಲೋ ಮಲೆನಾಡಿನಲ್ಲೋ ಕೆಂಪು ಬಂದರೆ ಕಾರ್ಯಕ್ರಮದ ಚರ್ಚೆ ಬಿಟ್ಟು ಮಕ್ಕಳ ಸುರಕ್ಷತೆ ನೋಡಬೇಕು.

ಕೊನೆಯ ಮೂರು ಗಂಟೆಗಳಲ್ಲಿ ಕಂಪ್ಯೂಟರ್ ಲೆಕ್ಕಕ್ಕಿಂತ ಕಣ್ಣೇ ಮುಖ್ಯ. ಡಾಪ್ಲರ್ ರಾಡಾರ್ ಮೋಡದೊಳಗಿನ ಹನಿಗಳನ್ನೂ ಅವುಗಳ ಓಟವನ್ನೂ ತೋರಿಸುತ್ತದೆ. 2024ರ ಫೆಬ್ರುವರಿಯಲ್ಲಿ ಹಾರಿದ ಇನ್ಸಾಟ್–3ಡಿಎಸ್ ಉಪಗ್ರಹ ಮೋಡಗಳ ಚಿತ್ರ ಕಳಿಸುತ್ತದೆ; ಆ ಬಗೆಯ ಉಪಗ್ರಹಗಳ ನಿಯಂತ್ರಣ ಕೇಂದ್ರ ಇರುವುದು ನಮ್ಮ ಹಾಸನದಲ್ಲೇ. ಬೆಂಗಳೂರಿನವರಿಗೆ ಇನ್ನೊಂದು ಸಮಾಧಾನವಿದೆ: ಮುಂಗಾರು ದುರ್ಬಲವಾಗಿದ್ದಾಗ ಇಲ್ಲಿ ಗುಡುಗಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರವೋ ರಾತ್ರಿಯೋ ಬರುತ್ತದೆ. ಮಾಣೆಕ್ ಷಾ ಪರೇಡ್ ಮೈದಾನದ ಬೆಳಗಿನ ಸಮಾರಂಭಕ್ಕೆ ಅದು ಅನುಕೂಲವೇ.

ಮುನ್ಸೂಚನೆ ಸರಿಯಾಯಿತೇ ಎಂದು ತಾಳೆ ನೋಡುವವರು ಒಂದು ಸೂಕ್ಷ್ಮ ತಿಳಿದಿರಬೇಕು. ಇಲಾಖೆ ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ. ಆಗಸ್ಟ್ 15ರ ಲೆಕ್ಕದಲ್ಲಿ ಬರುವುದು 14ರ ಬೆಳಿಗ್ಗೆ 8.30ರಿಂದ 15ರ ಬೆಳಿಗ್ಗೆ 8.30ರವರೆಗಿನ ಮಳೆ. ಒಂಬತ್ತಕ್ಕೆ ಧ್ವಜ ಏರುವಾಗ ನಿಮ್ಮನ್ನು ನೆನೆಸಿದ ಮಳೆ 16ರ ಖಾತೆಗೆ ಹೋಗುತ್ತದೆ!

ಕಲಿಯುವ ಆಸೆಯಿದ್ದರೆ ಒಂದು ನೋಟ್‌ಬುಕ್ ಇಡಿ. ಆಗಸ್ಟ್ 1ರಿಂದ ದಿನವೂ 15ನೇ ತಾರೀಖಿಗೆ ಮುನ್ಸೂಚನೆ ಏನು ಹೇಳುತ್ತಿದೆ ಎಂದು ಬರೆಯಿರಿ. ಪಕ್ಕದಲ್ಲೇ, ಕಣ್ಣು ಮುಚ್ಚಿಕೊಂಡು ‘ಮೂರರಲ್ಲಿ ಒಂದು’ ಎನ್ನುವ ಸೋಮಾರಿ ಜೋಯಿಸನೊಬ್ಬನಿದ್ದಾನೆ ಎಂದುಕೊಳ್ಳಿ. ಒಂದೇ ದಿನದ ಗೆಲುವು ಸೋಲು ಏನನ್ನೂ ಸಾಬೀತು ಮಾಡುವುದಿಲ್ಲ. ಬೇರೆ ಬೇರೆ ತಾರೀಖುಗಳಿಗೂ ಹೀಗೆ ಬರೆದು, ಎಷ್ಟು ದಿನ ಮೊದಲಿನಿಂದ ಮುನ್ಸೂಚನೆ ಈ ಸೋಮಾರಿಯನ್ನು ಮತ್ತೆ ಮತ್ತೆ ಗೆಲ್ಲುತ್ತದೆ ಎಂದು ನೋಡಿ. ಶಾಮಿಯಾನಕ್ಕೆ ಮುಂಗಡ ಕೊಡಲು ಅಷ್ಟು ದಿನ ಮೊದಲು ಸರಿಯಾದ ಸಮಯ.