ಕೂತಲ್ಲೇ ದಾರಿ ಸವೆಸುವ ಸುಖ

ವೈಟ್‌ಫೀಲ್ಡ್‌ನ ಪಿಜಿಯಲ್ಲೋ ಪೀಣ್ಯದ ಬಾಡಿಗೆ ರೂಮಿನಲ್ಲೋ ಶಿಫ್ಟ್ ಮುಗಿಸಿ ಬಂದು, ಬೈಕ್ ಪಯಣದ ಸಾಕ್ಷ್ಯಚಿತ್ರ ಹಾಕಿಕೊಂಡು ಕೂರುವ ಮಗುವೇ, ನಿನಗೊಂದು ಮಾತು. ‘ಅವರು ಲೋಕ ಸುತ್ತುತ್ತಾರೆ, ನನಗೆ ಈ ಟ್ರಾಫಿಕ್ಕೇ ಗತಿ’ ಎಂದು ಕೊರಗುತ್ತಾ ನೋಡಬೇಡ. ಮನೆಯಲ್ಲಿ ಕೂತು ನೋಡುವುದೂ ತುಂಬು ಸುಖವೇ. ಆದರೆ ಅದು ಅವಸರದವರಿಗೆ ದಕ್ಕುವುದಿಲ್ಲ.

‘ಲಾಂಗ್ ವೇ ರೌಂಡ್’ ನೋಡು. 2004ರಲ್ಲಿ ನಟ ಇವಾನ್ ಮೆಕ್‌ಗ್ರೆಗರ್ ಮತ್ತು ಗೆಳೆಯ ಚಾರ್ಲಿ ಬೂರ್ಮನ್ ಲಂಡನ್ನಿನಿಂದ ಪೂರ್ವಕ್ಕೆ ಹೊರಟು, ಕಜಕಸ್ತಾನ, ಮಂಗೋಲಿಯಾ, ಸೈಬೀರಿಯಾ ಹಾದು ನ್ಯೂಯಾರ್ಕ್ ಮುಟ್ಟಿದ ಕಥೆ ಅದು. ಇದನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೆ ಮಂಗೋಲಿಯಾದ ಕೆಸರೇ ಕೈತಪ್ಪುತ್ತದೆ. ಬೀಳುವುದು, ಎತ್ತುವುದು, ನಾಲ್ಕು ಮಾರು ಹೋಗಿ ಮತ್ತೆ ಬೀಳುವುದು. ಜೊತೆಗಿದ್ದ ಕ್ಯಾಮೆರಾಮನ್ ಕ್ಲಾಡಿಯೋ ಫಾನ್ ಪ್ಲಾಂಟಾ ಅವರ ಬೈಕಿನ ಫ್ರೇಮ್ ಅಲ್ಲೇ ಕೈಕೊಟ್ಟಿತು. ರಷ್ಯಾದ ಸಾದಾ ಬೈಕೊಂದನ್ನು ಕೊಂಡು ಅವರು ಮುಂದೆ ಹೊರಟರು. ಪೀಣ್ಯದಲ್ಲಿ ವೆಲ್ಡಿಂಗ್ ಮಾಡಿ ಬಲ್ಲವರು ಆ ಭಾಗವನ್ನು ಎರಡು ಸಲ ನೋಡಬೇಕು. ಹೇರಿದ ಭಾರವೂ ಗುಂಡಿಗಳ ಪೆಟ್ಟೂ ಸೇರಿ ಉಕ್ಕಿಗೆ ಏನು ಮಾಡುತ್ತವೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಡುನಡುವೆ ನಿಲ್ಲಿಸಿ ಭೂಪಟ ತೆಗೆ. ಅವರು ಹಾದುಹೋದ, ರಷ್ಯಾದ ಮಗದಾನ್‌ಗೆ ಹೋಗುವ ‘ಎಲುಬಿನ ರಸ್ತೆ’ಯನ್ನು ಸ್ಟಾಲಿನ್ ಕಾಲದ ಕೈದಿಗಳಿಂದ ಕಟ್ಟಿಸಿದ್ದರು, ದುಡಿದು ಸತ್ತವರಿಂದಲೇ ಅದಕ್ಕೆ ಆ ಹೆಸರು. ಇದು ಗೊತ್ತಿದ್ದವರಿಗೆ ಆ ದಾರಿ ಬರೀ ಸಾಹಸವಾಗಿ ಕಾಣುವುದಿಲ್ಲ.

ಕ್ಯಾಮೆರಾದ ಹಿಂದಿನ ದುಡಿಮೆಯನ್ನೂ ನೆನೆ. ‘ಇಚಿ ಬೂಟ್ಸ್’ ಹೆಸರಿನಲ್ಲಿ ತಮ್ಮ ಬೈಕ್ ಪಯಣಗಳನ್ನು ಚಿತ್ರೀಕರಿಸುವ ಡಚ್ ಭೂವಿಜ್ಞಾನಿ ನೊರಾಲಿ ಸ್ಕೂನ್‌ಮಾಕರ್ ನಮ್ಮ ದೇಶದಲ್ಲೇ ಕೊಂಡ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಏರಿ ತಮ್ಮ ನಾಡು ಸೇರಿದವರು. ಒಂಟಿ ಸವಾರರು ದೂರದಿಂದ ಬಂದು ಕ್ಯಾಮೆರಾ ದಾಟಿಹೋಗುವ ಒಂದು ದೃಶ್ಯ ಬೇಕೆಂದರೆ, ಕ್ಯಾಮೆರಾ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಬಂದು ದಾಟಿ, ಅದನ್ನು ಎತ್ತಿಕೊಳ್ಳಲು ಪುನಃ ತಿರುಗಬೇಕು. ಹತ್ತು ಸೆಕೆಂಡಿನ ಚಿತ್ರಕ್ಕೆ ಅಷ್ಟು ಬೆವರು. ನಮ್ಮ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ ಬೆಂಗಳೂರಿನಿಂದ ಸಿಡ್ನಿವರೆಗೆ ಬೈಕಿನಲ್ಲಿ ಹೋದವರು. ಅವರ ಪಯಣವನ್ನೂ ಹುಡುಕಿ ನೋಡು.

ಇನ್ನೊಂದು ಎಚ್ಚರ. ‘ಲಾಂಗ್ ವೇ ರೌಂಡ್’ನಲ್ಲಿ ಓಡಿದ್ದು ಬಿಎಂಡಬ್ಲ್ಯು ಜಿಎಸ್ ಬೈಕುಗಳು. ಅದೇ ಕುಲದ ಚಿಕ್ಕ ಬೈಕು ಜಿ 310 ಜಿಎಸ್ ತಯಾರಾದದ್ದು ಎಲೆಕ್ಟ್ರಾನಿಕ್ ಸಿಟಿ ದಾಟಿ ಅದೇ ರಸ್ತೆಯಲ್ಲಿ ಸಿಗುವ ಹೊಸೂರಿನಲ್ಲಿ, ಟಿವಿಎಸ್ ಕಾರ್ಖಾನೆಯಲ್ಲಿ. ಅಷ್ಟು ಹತ್ತಿರವಿದೆಯೆಂದು ಎಪಿಸೋಡ್ ಮುಗಿದ ರಾತ್ರಿಯೇ ಸಾಲದ ಅರ್ಜಿ ತುಂಬಬೇಡ. ನೋಡಿದ ಖುಷಿಗೆ ಇಎಂಐ ಕಟ್ಟಬೇಕಿಲ್ಲ.

ಒಂದು ಸಂಜೆಗೆ ಒಂದೇ ಎಪಿಸೋಡ್ ಸಾಕು. ಪಕ್ಕದ ರೂಮಿನವರನ್ನೂ ಕರೆ, ಮುಗಿದ ಮೇಲೆ ಮಾತಾಡಿ. ಹಾಗೆ ಮನಸ್ಸಿಟ್ಟು ನೋಡಿದ್ದು, ನೀನು ಹೊರಡುವ ದಿನ ಬಂದರೂ ಬರದಿದ್ದರೂ, ನಿನ್ನದೇ ಆಗಿರುತ್ತದೆ.