ಉತ್ತರನ ಪೌರುಷವೂ ಆತ್ಮವಿಶ್ವಾಸವೂ

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಜಂಬ ಕೊಚ್ಚುವವರನ್ನು ಕಂಡಾಗಲೆಲ್ಲ ನಾವು ವಿರಾಟರಾಜನ ಈ ಮಗನನ್ನು ನೆನೆದು ನಗುತ್ತೇವೆ. ಆದರೆ ಗಾದೆಯು ಅವನ ಕಥೆಯ ಪೂರ್ವಾರ್ಧವನ್ನು ಮಾತ್ರ ಹೇಳುತ್ತದೆ. ಉಳಿದರ್ಧವನ್ನೂ ಮನನ ಮಾಡಿದರೆ ಆತ್ಮವಿಶ್ವಾಸವು ಹೇಗೆ ಹುಟ್ಟುತ್ತದೆ, ಹುಟ್ಟಿದ ಮೇಲೆ ಮನುಷ್ಯನ ಮಾತಿಗೆ ತೂಕವನ್ನೂ ಮನಸ್ಸಿಗೆ ನೆಮ್ಮದಿಯನ್ನೂ ಹೇಗೆ ತರುತ್ತದೆ ಎಂಬುದು ತಿಳಿಯುತ್ತದೆ.

ವಿರಾಟಪರ್ವದ ಗೋಗ್ರಹಣದ ಸಂದರ್ಭ. ವಿರಾಟನು ತ್ರಿಗರ್ತರ ಸುಶರ್ಮನನ್ನು ಎದುರಿಸಲು ಹೋಗಿದ್ದಾಗ ಕೌರವರು ಇನ್ನೊಂದು ಕಡೆಯಿಂದ ಬಂದು ಗೋವುಗಳನ್ನು ಹಿಡಿದರು. ಸುದ್ದಿ ಕೇಳಿದ ಉತ್ತರನು ಅಂತಃಪುರದ ಸ್ತ್ರೀಯರ ನಡುವೆ ಕುಳಿತು, ತಕ್ಕ ಸಾರಥಿಯೊಬ್ಬನು ದೊರೆತರೆ ಸಾಕು, ಕೌರವವೀರರನ್ನೆಲ್ಲ ಗೆದ್ದು ಬರುವೆನೆಂದು ಕೊಚ್ಚಿಕೊಂಡನು. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನನೇ ಸಾರಥಿಯಾದನು. ಶತ್ರುಸೇನೆ ಕಣ್ಣಿಗೆ ಬಿದ್ದೊಡನೆ ರಾಜಕುಮಾರನ ರೋಮಗಳು ನಿಮಿರಿ ನಿಂತವು. ರಥದಿಂದ ಧುಮುಕಿ ಓಡಿದನು.

ಇಲ್ಲಿ ಅರ್ಜುನನು ನಡೆದುಕೊಂಡ ರೀತಿಯನ್ನು ಗಮನಿಸಬೇಕು. ಬೆನ್ನಟ್ಟಿ ಹಿಡಿದ ಮೇಲೆ ಅವನನ್ನು ಮನೆಗೆ ಕಳುಹಿಸಲಿಲ್ಲ. ಯುದ್ಧಕ್ಕೆ ನೂಕಲೂ ಇಲ್ಲ. ಕಾದಾಡುವುದು ನಿನ್ನಿಂದಾಗದಿದ್ದರೆ ಕುದುರೆಗಳನ್ನು ನಡೆಸು, ಯುದ್ಧವನ್ನು ನಾನು ಮಾಡುವೆನೆಂದು ಧೈರ್ಯ ಹೇಳಿದನು. ಮೊದಲು ಶಮೀವೃಕ್ಷವನ್ನು ಹತ್ತಿ ಆಯುಧಗಳನ್ನು ತೆಗೆಯುವ ಕೆಲಸ. ಬಳಿಕ ವಾಘೆ ಹಿಡಿಯುವ ಕೆಲಸ. ಶಂಖಧ್ವನಿಗೇ ಬೆದರಿ ಕುಸಿದು ಕುಳಿತಾಗ ಮತ್ತೆ ಸಂತೈಸಿದನು. ಓಡಿದವನೇ ಅಂದು ಮಹಾರಥಿಗಳ ನಡುವೆ ರಥ ನಡೆಸಿದನು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರರು 1977ರಲ್ಲಿ ಪ್ರಕಟಿಸಿದ ಪ್ರಬಂಧವೂ ಇದೇ ತತ್ತ್ವವನ್ನು ಎತ್ತಿ ಹಿಡಿಯುತ್ತದೆ. ಪರರ ಸಾಧನೆಯನ್ನು ಕಾಣುವುದರಿಂದಲೂ ಹಿತವಚನದಿಂದಲೂ ‘ನನ್ನಿಂದಾದೀತು’ ಎಂಬ ನಂಬಿಕೆ ಬೆಳೆಯುವುದುಂಟು. ಆದರೆ ತಾನೇ ಕೈಯಾರೆ ಮಾಡಿ ಮುಗಿಸಿದ ಕಾರ್ಯದಿಂದ ಬರುವ ನಂಬಿಕೆಯೇ ಎಲ್ಲಕ್ಕಿಂತ ಬಲವಾದುದು.

ಯುದ್ಧಾನಂತರದ ಸಂಗತಿ ಇನ್ನೂ ಮನನೀಯ. ಜಯವು ತನ್ನದೇ ಎಂದು ಹೇಳಿಕೊಳ್ಳಲು ಅರ್ಜುನನೇ ಉತ್ತರನಿಗೆ ಸೂಚಿಸಿದ್ದನು. ತಂದೆಯು ತುಂಬಿದ ಸಭೆಯಲ್ಲಿ ಮಗನನ್ನು ಕೊಂಡಾಡುತ್ತಿದ್ದನು. ಆದರೂ ಉತ್ತರನು, ಗೋವುಗಳನ್ನು ಗೆದ್ದವನು ತಾನಲ್ಲ, ಭಯದಿಂದ ಓಡುತ್ತಿದ್ದ ತನ್ನನ್ನು ತಡೆದು ನಿಲ್ಲಿಸಿದ ದೇವಕುಮಾರನೊಬ್ಬನು ಗೆದ್ದನೆಂದು ನುಡಿದನು. ಒಲೆಯ ಮುಂದೆ ಇಲ್ಲದ ಪೌರುಷವನ್ನು ಹೇಳಿಕೊಂಡವನು ಸಭೆಯ ಮುಂದೆ ತನ್ನ ಓಟವನ್ನು ಒಪ್ಪಿಕೊಂಡನು! ಜಂಬಕ್ಕೆ ಎಲ್ಲಿ ಬಯಲಾಗುವೆನೋ ಎಂಬ ಅಂಜಿಕೆ ಸದಾ ಬೆನ್ನಿಗಿರುತ್ತದೆ. ಆತ್ಮವಿಶ್ವಾಸಕ್ಕೆ ಮುಚ್ಚಿಡುವುದೇನೂ ಇಲ್ಲ. ಆದುದರಿಂದಲೇ ಅಂಥವನ ಮಾತನ್ನು ಜನರು ನಂಬುತ್ತಾರೆ, ಅಂಥವನು ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಾನೆ. ಮುಂದೆ ಕುರುಕ್ಷೇತ್ರದಲ್ಲಿ ಮೊದಲ ದಿನವೇ ಶಲ್ಯನನ್ನು ಎದುರಿಸಿ ವೀರಮರಣವನ್ನಪ್ಪಿದವನೂ ಈ ಉತ್ತರನೇ.

ಜೀವನು ಪರತಂತ್ರನೆಂದು ಒಪ್ಪಿದ ನಮಗೆ ಆತ್ಮವಿಶ್ವಾಸವೆಲ್ಲಿಯದು ಎಂದು ಕೆಲವರು ಕೇಳುವುದುಂಟು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜೀವನಿಗೆ ಕರ್ತೃತ್ವವೇ ಇಲ್ಲವೆಂದಿಲ್ಲ. ಅದು ಶ್ರೀಹರಿಯ ಅಧೀನವಾದ ಕರ್ತೃತ್ವ. ಕೊಟ್ಟವನನ್ನು ಮರೆತರೆ ಅಹಂಕಾರ. ಕೊಟ್ಟದ್ದನ್ನು ಬಳಸದಿದ್ದರೆ ಆಲಸ್ಯ. ಗೆಲ್ಲುವವನು ಹಿಂದೆ ನಿಂತಿರುವನೆಂಬ ಅರಿವು ಉತ್ತರನಿಗಿತ್ತು. ಹಾಗೆಂದು ಅವನು ವಾಘೆಯನ್ನು ಕೈಬಿಡಲಿಲ್ಲ.

ನಮ್ಮದೇ ಅನುಭವವೊಂದನ್ನು ಹೇಳುವುದಾದರೆ, ಪಾಠಶಾಲೆಯಿಂದ ಬಿ.ಎ. ತರಗತಿಗೆ ಹೋದ ಹೊಸದರಲ್ಲಿ ನಾವು ಹಾಜರಿ ಕೂಗಿದಾಗ ಓಗೊಡಲೂ ಅಂಜುತ್ತಿದ್ದೆವು. ಮನೆಗೆ ಬಂದು ತಾಯಿಯವರ ಮುಂದೆ ಮಾತ್ರ ಅಧ್ಯಾಪಕರ ತಪ್ಪುಗಳನ್ನು ಎಣಿಸುತ್ತಿದ್ದೆವು. ನಮ್ಮ ತೀರ್ಥರೂಪರು ಇದನ್ನು ಕೇಳಿಸಿಕೊಂಡು ಏನೂ ಅನ್ನಲಿಲ್ಲ. ಆ ವರ್ಷದ ಯುಗಾದಿಯಂದು, ‘ಪಂಚಾಂಗ ಶ್ರವಣ ಈ ಸಲ ನಿನ್ನದು’ ಎಂದು ಪುಸ್ತಕವನ್ನು ನಮ್ಮ ಕೈಗಿತ್ತರು. ಕೈ ನಡುಗಿತು, ಸಂಕ್ರಾಂತಿಫಲ ಓದುವಾಗ ಒಂದು ಸಾಲೇ ತಪ್ಪಿಹೋಯಿತು. ಪಕ್ಕದಲ್ಲಿದ್ದ ಅವರು ಮೆಲ್ಲನೆ ಸಾಲನ್ನು ತೋರಿಸಿದರು, ಪುಸ್ತಕವನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಓದಿ ಮುಗಿಸಿ ಎದ್ದಾಗ ಆದ ಸಂತೋಷ ಇಂದಿಗೂ ಮಾಸಿಲ್ಲ.

ಆದುದರಿಂದ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ಮಕ್ಕಳ ಅಂಜಿಕೆಯನ್ನು ಕಂಡು ನಗುವುದೂ ಸುಲಭ, ಅವರ ಕೆಲಸವನ್ನು ನಾವೇ ಮಾಡಿಬಿಡುವುದೂ ಸುಲಭ. ಎರಡೂ ಬೇಡ. ಅವರಿಂದಾಗುವಷ್ಟು ಕೆಲಸವನ್ನು ಅವರಿಗೆ ಒಪ್ಪಿಸಿ ಜೊತೆಯಲ್ಲಿ ನಿಲ್ಲೋಣ. ಕಿರಿಯರೂ ಅಷ್ಟೇ: ಗೆಲ್ಲುವೆನೆಂಬ ಮಾತನ್ನು ಬದಿಗಿರಿಸಿ, ಕೈಗೆ ಬಂದ ವಾಘೆಯನ್ನು ಬಿಗಿಯಾಗಿ ಹಿಡಿಯಲಿ. ಶ್ರೀಹರಿವಾಯುಗುರುಗಳು ಅದಕ್ಕೆ ಬೇಕಾದ ಧೈರ್ಯವನ್ನು ಎಲ್ಲರಿಗೂ ಅನುಗ್ರಹಿಸಲಿ.